ಶುದ್ಧಪ್ರತಿ

ಹೋದ ವರ್ಷ ನನ್ನ ಹೆಗಲಿಗೆ ಬಿದ್ದ ಶಾಲುಗಳಲ್ಲಿ ಒಂದಾದರೂ ಚಳಿ ತಡೆಯುವಂಥದ್ದಿರಲಿಲ್ಲ. ಎಲ್ಲವೂ ಒಂದೇ ಅಂಗಡಿಯಿಂದ ಬಂದವೇನೋ ಎಂಬಂತೆ ತೆಳ್ಳಗೆ, ಜರಿಯಂಚಿನವು, ಒಮ್ಮೆ ನೀರಿಗೆ ಬಿದ್ದರೆ ಕರವಸ್ತ್ರದಷ್ಟಾಗುವಂಥವು. ಇದು ಹೊದಿಸುವವರಿಗೂ ಗೊತ್ತು, ಹೊದ್ದುಕೊಳ್ಳುವವನಿಗೂ ಗೊತ್ತು. ಆದರೂ ಹೊದಿಸುವಾಗ ಅವರು ಕ್ಯಾಮೆರಾ ಕಡೆ ನೋಡುತ್ತಾರೆ, ನಾನೂ ನೋಡುತ್ತೇನೆ. ಅರವತ್ತು ವರ್ಷ ಯಾರೂ ತಿರುಗಿ ನೋಡದಿದ್ದ ಮನುಷ್ಯನಿಗೆ ಇಂಥದೊಂದು ವರ್ಷ ಬಂದರೆ ಅವನು ಹೇಗೆ ಕೆಡುತ್ತಾನೋ ಹಾಗೆಯೇ ನಾನೂ ಕೆಟ್ಟೆ. ಅದನ್ನೇ ಬರೆಯೋಣವೆಂದು ಕೂತಿದ್ದೇನೆ.

ನಾನು ಜೇವರ್ಗಿಯವನು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಮೊದಲು ಆರು ಕಾದಂಬರಿ ಬರೆದಿದ್ದೆ. ಅವನ್ನು ಕೊನೆಯ ಪುಟದವರೆಗೆ ಓದಿದ್ದು ನಾನು, ನನ್ನ ಹೆಂಡತಿ ಮತ್ತು ಪ್ರಕಾಶಕರ ಗೋದಾಮಿನ ಗೆದ್ದಲು. ಏಳನೆಯದಕ್ಕೆ ಯುಗಾದಿಯ ಹೊತ್ತಿಗೆ ದೊಡ್ಡದೊಂದು ಬಹುಮಾನ ಬಂತು. ಅಲ್ಲಿಂದ ಮುಂದಿನ ಯುಗಾದಿಯವರೆಗೆ ನಾನು ಮನೆಯಲ್ಲಿ ಉಂಡ ಊಟಕ್ಕಿಂತ ಸಭೆಗಳಲ್ಲಿ ತಿಂದ ಉಪ್ಪಿಟ್ಟೇ ಜಾಸ್ತಿ. ಧಾರವಾಡ, ಮೈಸೂರು, ಬೆಂಗಳೂರು, ಸೋಲಾಪುರ. ಅವುಗಳ ನಡುವೆ ನಮ್ಮ ಸುತ್ತಲಿನ ತಾಲೂಕುಗಳ ಕಾಲೇಜು, ಸಂಘ, ಗ್ರಂಥಾಲಯ. ಎಲ್ಲಿಗೆ ಹೋಗಬೇಕಾದರೂ ಕಲಬುರಗಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಬಸ್ಸು ಬದಲಿಸಬೇಕು. ಆ ವರ್ಷ ಅಲ್ಲಿನ ಚಹಾ ಮಾರುವವನೂ ನನ್ನನ್ನು ಗುರುತಿಸುತ್ತಿದ್ದ. ಮಟಕಿ ಎಂಬ ಊರಿನ ಒಬ್ಬ ರೈತರು ಮಾತ್ರ ಶಾಲು ಬಿಟ್ಟು ಅರ್ಧ ಚೀಲ ತೊಗರಿಬೇಳೆ ಕೊಟ್ಟರು. ಇಡೀ ವರ್ಷದಲ್ಲಿ ಉಪಯೋಗಕ್ಕೆ ಬಂದ ಸನ್ಮಾನ ಅದೊಂದೇ.

ನಾನು ಬರೆಯುವ ಪದ್ಧತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗೀಚುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದಂತೆ. ಮಕ್ಕಳ ಉತ್ತರಪತ್ರಿಕೆಯಲ್ಲಿ ನಾನು ಬರೆದ ಟಿಪ್ಪಣಿಯನ್ನು ಅವರ ತಂದೆಯಂದಿರು ತಂದು ನನ್ನಿಂದಲೇ ಓದಿಸಿಕೊಂಡು ಹೋದದ್ದುಂಟು. ಅದನ್ನು ಓದಬಲ್ಲವಳು ನನ್ನ ಹೆಂಡತಿ ಒಬ್ಬಳೇ. ಅವಳು ಪ್ರಾಥಮಿಕ ಶಾಲೆಯ ಶಿಕ್ಷಕಿ, ಇನ್ನೂ ನೌಕರಿಯಲ್ಲಿದ್ದಾಳೆ. ಭಾನುವಾರ ಮಧ್ಯಾಹ್ನ ಅಡುಗೆ, ಊಟ, ಮುಸುರೆ ಎಲ್ಲ ಮುಗಿದ ಮೇಲೆ ಪಡಸಾಲೆಯ ಕಂಬಕ್ಕೆ ಒರಗಿ, ತೊಡೆಯ ಮೇಲೊಂದು ಹಲಗೆ ಇಟ್ಟುಕೊಂಡು, ಗೆರೆ ಹಾಕಿದ ಉದ್ದನೆಯ ನೋಟುಬುಕ್ಕಿನಲ್ಲಿ ಶುದ್ಧಪ್ರತಿ ತೆಗೆಯುತ್ತಾಳೆ. ಏಳು ಕಾದಂಬರಿಗಳೂ ಅಚ್ಚಿಗೆ ಹೋದದ್ದು ಅವಳ ಕೈಬರಹದಲ್ಲಿ. ಕಲಬುರಗಿಯ ಪ್ರೆಸ್ಸಿನವರಿಗೆ ನನ್ನ ಅಕ್ಷರ ಹೇಗಿದೆಯೆಂದೇ ಗೊತ್ತಿಲ್ಲ.

ಮೊದಲನೆಯ ಕಾದಂಬರಿಯಲ್ಲಿ ಎಲ್ಲೋ ಒಂದು ಕಡೆ ಪೆನ್ನು ನಿಲ್ಲಿಸಿ ಕೇಳಿದ್ದಳು.

"ರೀ, ಈಕಿ ಅತ್ತಿ ಮುಂದ ಹಿಂಗ ಅನ್ನೂದಿಲ್ಲ ನೋಡ್ರಿ."

"ಮತ್ತೇನಂತಾಳ?"

ಅವಳು ಮತ್ತೆ ಪೆನ್ನು ಎತ್ತಿಕೊಂಡಳು. ತಲೆ ಬಗ್ಗಿಸಿ ಬರೆದಳು. ಆಮೇಲೆ ಓದಿದರೆ ಅಲ್ಲಿ ನನ್ನ ಮಾತು ಇರಲಿಲ್ಲ, ಆ ಸೊಸೆಯ ಮಾತಿತ್ತು. ನಾನು ಚೆನ್ನಾಗಿದೆ ಅನ್ನಲೂ ಇಲ್ಲ, ಯಾಕೆ ಬದಲಿಸಿದೆ ಅನ್ನಲೂ ಇಲ್ಲ. ಮುಂದೆ ಅದೇ ರೂಢಿಯಾಯಿತು. ಅವಳು ಕೇಳುವುದನ್ನು ಬಿಟ್ಟಳು, ನಾನು ಹೇಳುವುದನ್ನು ಶುರು ಮಾಡಲೇ ಇಲ್ಲ. ಮೊದಲು ಒಂದು ಮಾತು, ನಂತರ ಒಂದು ಸಂಭಾಷಣೆ, ಏಳನೆಯದಕ್ಕೆ ಬರುವಾಗ ಪುಟಗಟ್ಟಲೆ. ನನ್ನ ಕಾದಂಬರಿಗಳಲ್ಲಿ ಹೆಂಗಸರು ಬಾಯಿ ತೆರೆದರೆ ಅದು ಅವಳ ಕೈಯ ಕೆಲಸ. ಮಕ್ಕಳ ಶುದ್ಧಬರಹ ತಿದ್ದಿ ತಿದ್ದಿ ಅವಳಿಗೆ ಕೈ ಸುಮ್ಮನಿರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಹೊತ್ತಿಗೆ ಸರಿಯಾಗಿ ತಾಟು ಮುಂದೆ ಬರುವವನಿಗೆ ಹಿಟ್ಟು ಬೀಸಿದ್ದು ಯಾರೆಂಬ ಯೋಚನೆ ಯಾಕೆ ಬಂದೀತು.

ಏಳನೆಯ ಕಾದಂಬರಿಯಲ್ಲಿ ಒಬ್ಬ ತಾಯಿಗೆ ಮಗ ಸತ್ತ ಸುದ್ದಿ ಬರುತ್ತದೆ. ನಾನು ಅವಳಿಂದ ಎದೆ ಬಡಿಸಿದ್ದೆ, ಮುಗಿಲಿಗೆ ಕೈಯೆತ್ತಿಸಿದ್ದೆ, ದೇವರೊಂದಿಗೆ ಜಗಳ ಆಡಿಸಿದ್ದೆ. ಒಂದೂವರೆ ಪುಟ. ಬರೆಯುತ್ತ ನಾನೇ ಅತ್ತಿದ್ದೆ, ಹಾಗಾಗಿ ಚೆನ್ನಾಗಿಯೇ ಬಂದಿರಬೇಕು ಅಂದುಕೊಂಡಿದ್ದೆ. ಅದನ್ನು ನಕಲು ಮಾಡುವಾಗ ಬಹಳ ವರ್ಷಗಳ ಮೇಲೆ ಅವಳು ಮತ್ತೆ ಪೆನ್ನು ಕೆಳಗಿಟ್ಟಳು.

"ಇದು ಹಿಂಗ ಆಗೂದಿಲ್ಲರಿ. ತಮ್ಮನ ಸುದ್ದಿ ಬಂದಾಗ ನಾ ಅಲ್ಲೇ ಇದ್ದೆ. ಅವ್ವ ರೊಟ್ಟಿ ಮಾಡಾಕತ್ತಿದ್ದಳು. ಸುದ್ದಿ ಕೇಳಿ, ಹಂಚಿನ ಮ್ಯಾಲಿನ ರೊಟ್ಟಿ ಹೊತ್ತತದಂತ ಮೊದಲ ಅದನ್ನ ತಿರುವಿ ಹಾಕಿದಳು. ಬೇಯೂ ತನಕ ನಿಂತಳು. ತೆಗದು ಬುಟ್ಟ್ಯಾಗ ಇಟ್ಟಳು. ಒಲಿಯಾಗಿನ ಕಟಗಿ ಹಿಂದಕ್ಕ ಜಗ್ಗಿದಳು. ಆಮ್ಯಾಲ ಕುಂತು ಅತ್ತಳು."

ಅವಳ ತವರು ಅಫಜಲಪುರ ತಾಲೂಕಿನ ಮಣ್ಣೂರ, ಭೀಮಾ ಹೊಳೆಯ ದಂಡೆ. ಮೇಲೆ ನೀರು ಬಿಟ್ಟಿದ್ದಾರೆಂದು ಸುದ್ದಿ ಬಂದ ದಿನ ಅವಳ ತಮ್ಮ ದಂಡೆಯ ಪಂಪಿನ ಮೋಟಾರು ಎತ್ತಿ ತರಲು ಹೋಗಿ ಹೊಳೆಯ ಪಾಲಾಗಿದ್ದ. ಮಣ್ಣಿಗೆ ನಾನೂ ಹೋಗಿದ್ದೆ. ಆದರೆ ಅಡುಗೆಮನೆಯಲ್ಲಿ ನಡೆದದ್ದು ನನಗೆ ಗೊತ್ತಿರಲಿಲ್ಲ, ಇಪ್ಪತ್ತು ವರ್ಷ ಅವಳು ಹೇಳಿರಲೂ ಇಲ್ಲ. ಇಷ್ಟು ದೊಡ್ಡ ಮಾತು ಅವಳು ಹೇಳುತ್ತಿದ್ದಾಗ ನಾನು ಪೆನ್ಸಿಲ್ ಹೆರೆಯುವ ಬ್ಲೇಡು ಹುಡುಕುತ್ತಿದ್ದೆ. ನನ್ನ ಒಂದೂವರೆ ಪುಟ ತೆಗೆದು ಅವಳು ನಾಲ್ಕು ಸಾಲು ಬರೆದಳು. ಎರಡು ದಿನ ನಾನು ಸಿಟ್ಟಿನಿಂದ ಮಾತು ಬಿಟ್ಟೆ. ಅಚ್ಚಿನ ಕರಡು ಬಂದಾಗ ಆ ನಾಲ್ಕು ಸಾಲಿನ ಮುಂದೆ ನನ್ನ ಉಳಿದದ್ದೆಲ್ಲ ಹೊಟ್ಟು ಎಂದು ಗೊತ್ತಾಯಿತು. ಆಗಲೂ ಹೇಳಲಿಲ್ಲ.

ಬಹುಮಾನ ಕೊಟ್ಟವರು ತಮ್ಮ ಅಭಿಪ್ರಾಯದಲ್ಲಿ ಎತ್ತಿ ಬರೆದದ್ದು ಆ ನಾಲ್ಕೇ ಸಾಲನ್ನು. ಅಲ್ಲಿಂದ ಮುಂದೆ ಹೋದಲ್ಲೆಲ್ಲ ಅದೇ. ಒಬ್ಬ ವಿಮರ್ಶಕರು ಆ ರೊಟ್ಟಿಯ ಮೇಲೆ ಹನ್ನೆರಡು ಪುಟ ಬರೆದರು. ಜೋಳದ ರೊಟ್ಟಿಗೆ ಅಷ್ಟು ಅರ್ಥ ಇರುವುದು ಗೊತ್ತಿದ್ದರೆ ನಾನು ದಿನಕ್ಕೆ ನಾಲ್ಕು ತಿನ್ನುತ್ತಿರಲಿಲ್ಲ. ಕಾಲೇಜಿನ ಹುಡುಗಿಯರು ಆ ಸಾಲುಗಳ ಕೆಳಗೆ ಸಹಿ ಹಾಕಿಸಿಕೊಂಡರು. ಇಪ್ಪತ್ತು ಮೂವತ್ತು ಸಲ ಓದಿದ ಮೇಲೆ ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು, ಯಾವ ಮಾತಿಗೆ ಮುಂದಿನ ಸಾಲಿನವರು ಕಣ್ಣೊರೆಸಿಕೊಳ್ಳುತ್ತಾರೆ ಎಂಬುದೆಲ್ಲ ನನಗೆ ಬಾಯಿಪಾಠವಾಯಿತು.

ಓದಿದ ಮೇಲೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು, ಇದು ನಿಮಗೆ ಎಲ್ಲಿಂದ ಸಿಕ್ಕಿತು ಎಂದು. ಮೊದಲ ಸಲ ತಡವರಿಸಿ, ಎಲ್ಲಿಂದಲೋ ಬಂತು ಅಂದೆ. ಸಭೆ ಸಪ್ಪಗಾಯಿತು. ಎರಡನೆಯ ಸಲ ನಮ್ಮ ಕಡೆಯ ಹೆಣ್ಣುಮಕ್ಕಳಿಂದ ಅಂದೆ. ಪರವಾಗಿಲ್ಲ ಅನ್ನಿಸಿತು. ಸೋಲಾಪುರದಲ್ಲಿ ಬಾಯಿಂದ ತಾನಾಗಿ ಬಂತು: ನಮ್ಮವ್ವ ಹಾಗೆ ಮಾಡಿದ್ದನ್ನು ನಾನು ಕಣ್ಣಾರೆ ಕಂಡೆ. ಚಪ್ಪಾಳೆ ಒಂದು ನಿಮಿಷ ನಿಲ್ಲಲಿಲ್ಲ. ವೇದಿಕೆಯ ಮೇಲೆ ತಾಯಿಯ ಮಾತೆತ್ತಿದರೆ ಚಪ್ಪಾಳೆ ಬೀಳುತ್ತದೆ, ಹೆಂಡತಿಯ ಮಾತೆತ್ತಿದರೆ ನಗು ಬೀಳುತ್ತದೆ. ನಾನು ಚಪ್ಪಾಳೆ ಆರಿಸಿಕೊಂಡೆ.

ಖರೇ ಹೇಳಬೇಕೆಂದರೆ ನಮ್ಮವ್ವ ಉಬ್ಬಸದವಳು. ಹೊಗೆ ಆಗುತ್ತಿರಲಿಲ್ಲ. ಒಲೆಯ ಮುಂದೆ ಅವಳು ಕೂತದ್ದನ್ನು ನಾನು ಕಂಡದ್ದೇ ಇಲ್ಲ. ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವಳು ದೊಡ್ಡವ್ವ. ಆದರೆ ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಸಭೆಯಿಂದ ಸಭೆಗೆ ಆ ಸುಳ್ಳಿಗೆ ಕೈಕಾಲು ಬಂದವು. ಅವ್ವನಿಗೆ ಹಸಿರು ಬಳೆ ಬಂದವು, ಮಾಸಿದ ಇಳಕಲ್ ಸೀರೆ ಬಂತು, ಒಲೆಯ ಬೆಳಕು ಬಂತು. ಮಳೆಗಾಲದ ಹೊತ್ತಿಗೆ ನಾನೇ ಅದನ್ನು ನಂಬಿಬಿಟ್ಟಿದ್ದೆ.

ಶ್ರಾವಣದಲ್ಲಿ ಆಳಂದದವರು ದಂಪತಿ ಸಮೇತ ಸನ್ಮಾನ ಎಂದು ಕರೆದರು. ನಮ್ಮ ಕಡೆ ಇದೊಂದು ಪದ್ಧತಿ. ಗಂಡನಿಗೆ ಶಾಲು ಹೊದಿಸಿ ಹೆಂಡತಿಗೆ ಉಡಿ ತುಂಬುತ್ತಾರೆ. ಅವಳೇನು ಮಾಡಿದ್ದಾಳೆಂದು ಯಾರೂ ಕೇಳಬೇಕಿಲ್ಲ, ಪಕ್ಕದಲ್ಲಿ ಕೂತರೆ ಸಾಕು. ಅವಳಿಗೆ ಮನಸ್ಸಿರಲಿಲ್ಲ, ಶಾಲೆಯಲ್ಲಿ ಪರೀಕ್ಷೆ ಅಂದಳು. ರಜೆ ಹಾಕಿಸಿ ನಾನೇ ಕರೆದುಕೊಂಡು ಹೋದೆ. ವೇದಿಕೆಯ ಮೇಲೆ ಎರಡು ಸಿಂಹಾಸನದಂಥ ಕುರ್ಚಿ. ಐದು ಮಂದಿ ಮುತ್ತೈದೆಯರು ಬಂದು ಅಕ್ಕಿ, ಕಾಯಿ, ಖಣ, ಉತ್ತತ್ತಿ ಹಾಕಿ ಅವಳ ಉಡಿ ತುಂಬಿದರು. ಬರೆಯುವಾಗ ಹೊತ್ತುಹೊತ್ತಿಗೆ ಚಹಾ ಕೊಟ್ಟ ತಾಯಿ ಎಂದು ನಿರೂಪಕ ಹೊಗಳಿ, ಮೈಕು ತಂದು ಅವಳ ಬಾಯಿಗೆ ಹಿಡಿದ.

"ಮೇಡಂನೋರ, ಸರ್ ಅವರ ಬರವಣಿಗ್ಯಾಗ ನಿಮ್ಮ ಸಹಕಾರ ಏನೈತಿ, ಒಂದ ಮಾತ ಹೇಳ್ರಿ."

"ನಂದೇನಿಲ್ರಿ. ಬರದದ್ದನ್ನ ನಕಲು ಮಾಡ್ತೇನಿ."

"ಸಾಲ್ಯಾಗ ಹುಡುಗರಿಗಿ ನಕಲು ಮಾಡಬ್ಯಾಡ್ರಿ ಅಂತೀರಿ, ಮನ್ಯಾಗ ನೀವೇ ಮಾಡ್ತೀರಿ."

ಸಭೆ ನಕ್ಕಿತು. ನಾನೂ ನಕ್ಕೆ. ಆಮೇಲೆ ನಾಲ್ಕು ಸಾಲು ಓದಿದೆ, ಎಂದಿನಂತೆ ಪ್ರಶ್ನೆ ಬಂತು, ಎಂದಿನಂತೆ ನಮ್ಮವ್ವ ಅಂದೆ. ಬಳೆ ಹೇಳಿದೆ, ಸೀರೆ ಹೇಳಿದೆ, ಒಲೆಯ ಬೆಳಕು ಹೇಳಿದೆ. ಇವೆಲ್ಲ ಹೇಳುವಾಗ ಅವಳು ಎರಡು ಮೊಳ ದೂರದಲ್ಲಿ ತುಂಬಿದ ಉಡಿ ಹಿಡಿದುಕೊಂಡು ಕೂತಿದ್ದಳೆಂಬುದು ನನಗೆ ನೆನಪಾದದ್ದು ಮಾತು ಮುಗಿದು ಕುರ್ಚಿಗೆ ಬಂದಾಗ. ಅವಳ ಮುಖ ನೋಡುವ ಧೈರ್ಯ ಆಗಲಿಲ್ಲ. ಉಡಿಯ ಗಂಟನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದಳು.

ಬೈಯುತ್ತಾಳೆಂದು ಬಸ್ಸಿನಲ್ಲಿ ಕಾದೆ. ಬೈದಿದ್ದರೆ ನಾನೂ ಎರಡು ಮಾತು ಜೋರು ಮಾಡಿ ಅಲ್ಲಿಗೆ ಮುಗಿಸುತ್ತಿದ್ದೆ, ಅದು ನನಗೆ ಚೆನ್ನಾಗಿ ಬರುತ್ತದೆ. ಕಲಬುರಗಿ ಬರುವವರೆಗೂ ಅವಳು ಕಿಟಕಿಯ ಹೊರಗೆ ತೊಗರಿಯ ಹೊಲ ನೋಡಿದಳು. ಇಳಿಯುವಾಗ ಅಂದಳು:

"ಇದನ್ನ ಮಣ್ಣೂರಾಗ ಒಂದ ಹೇಳಬ್ಯಾಡ್ರಿ."

"ನನಗಷ್ಟು ತಿಳಿಯೂದಿಲ್ಲೇನು?" ಅಂದೆ. ನಿಜವಾಗಿ ಸಿಟ್ಟೇ ಬಂದಿತ್ತು. ಮೂವತ್ತೆರಡು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಕೇಳಿದ್ದು ಬೆರಳೆಣಿಕೆಯಷ್ಟು. ಇದೊಂದನ್ನು ನಡೆಸಿಕೊಡುವುದೇನು ಮಹಾ ಎನ್ನಿಸಿತು.

ಭಾದ್ರಪದದಲ್ಲಿ ಮಣ್ಣೂರಿನ ಗ್ರಂಥಾಲಯದವರು, ನಮ್ಮೂರ ಅಳಿಯ ನಮ್ಮಲ್ಲಿಗೇ ಬಂದಿಲ್ಲವೆಂದು ಹಟ ಹಿಡಿದರು. ಅವತ್ತು ಬೆಳಿಗ್ಗೆ ಗೊಬ್ಬೂರಿನಲ್ಲಿ ಒಂದು ಭಾಷಣ ಮುಗಿಸಿ, ಅಲ್ಲಿಂದ ನಾನೂ ಹೆಂಡತಿಯೂ ಗ್ರಂಥಾಲಯದವರ ಜೀಪಿನಲ್ಲಿ ಹೋದೆವು. ದಾರಿಯುದ್ದಕ್ಕೂ ನಾನು ಬೇರೊಂದು ಅಧ್ಯಾಯ ಓದಬೇಕೆಂದು ಗುರುತು ಹಾಕಿಕೊಂಡೆ. ಶಾಲೆಯ ಮುಂದೆ ಪೆಂಡಾಲು ಹಾಕಿ ಜಮಖಾನೆ ಹಾಸಿದ್ದರು. ಹೆಂಗಸರ ಸಾಲಿನಲ್ಲಿ ಮುಂದೆಯೇ ನನ್ನ ಅತ್ತೆ ಕೂತಿದ್ದರು. ಎಂಬತ್ತರ ಹತ್ತಿರದ ಮುದುಕಿ, ತಲೆ ತುಂಬ ಸೆರಗು, ಅಳಿಯ ಮಾತಾಡುವುದನ್ನು ಜೀವಮಾನದಲ್ಲಿ ಮೊದಲ ಸಲ ಕೇಳಲು ಬಂದವರು.

ನಾನು ಬೇರೆ ಅಧ್ಯಾಯವನ್ನೇ ಓದಿದೆ. ಜನ ಆಕಳಿಸಿದರು. ಮುಗಿಸಿ ಕೂರುವಷ್ಟರಲ್ಲಿ ಅಲ್ಲಿನ ಮಾಸ್ತರರೊಬ್ಬರು ಎದ್ದು ತಾವೇ ಆ ನಾಲ್ಕು ಸಾಲು ಓದಿದರು, ಅದೂ ತಪ್ಪು ತಪ್ಪು ಜಾಗದಲ್ಲಿ ನಿಲ್ಲಿಸುತ್ತ. ನನಗೆ ತಡೆಯಲಾಗಲಿಲ್ಲ. ಮೈಕು ಇಸಿದುಕೊಂಡು ನಾನೇ ಮತ್ತೆ ಓದಿದೆ. ಪೆಂಡಾಲು ಗಪ್ಪಾಯಿತು. ಆ ಗಪ್ಪಿಗೋಸ್ಕರವೇ ಅಲ್ಲವೇ ನಾನು ಆರು ತಿಂಗಳಿಂದ ಊರೂರು ಅಲೆದದ್ದು. ಇದು ನಿಮಗೆ ಎಲ್ಲಿ ಸಿಕ್ಕಿತ್ರಿ ಎಂದು ಮಾಸ್ತರರು ಕೇಳಿದರು. ನಮ್ಮವ್ವ ಎಂದು ಶುರು ಮಾಡಿದ ಮೇಲೆ ಅತ್ತೆಯ ಸೆರಗು ಕಣ್ಣಿಗೆ ಬಿತ್ತು. ಇಳಿಜಾರಿನಲ್ಲಿ ಚಕ್ಕಡಿ ಉರುಳತೊಡಗಿದರೆ ಎತ್ತು ಏನು ಮಾಡಿಯಾವು. ಬಳೆಯವರೆಗೂ, ಸೀರೆಯವರೆಗೂ ಹೇಳಿಯೇ ನಿಲ್ಲಿಸಿದೆ. ಹೆಂಗಸರ ಸಾಲಿನಲ್ಲಿ ಇಬ್ಬರು ಮೂವರು ಹಿರಿಯರು ನನ್ನನ್ನು ಬಿಟ್ಟು ಅತ್ತೆಯನ್ನು ನೋಡುತ್ತಿದ್ದರು.

ಊಟ ಅತ್ತೆಯ ಮನೆಯಲ್ಲಿ. ಅವರು ಹಳೆಯ ಕಾಲದವರು, ಅಳಿಯನೊಡನೆ ನೇರ ಮಾತಾಡುವವರಲ್ಲ. ಮದುವೆಯಾದಂದಿನಿಂದ ನನಗೆ ಏನು ಹೇಳುವುದಿದ್ದರೂ ಬಾಗಿಲ ಆಚೆ ನಿಂತು ಮಗಳಿಗೆ ಹೇಳುತ್ತಾರೆ, ಮಗಳು ನನಗೆ ಹೇಳುತ್ತಾಳೆ. ನನ್ನ ಉತ್ತರ ನನ್ನ ಬಾಯಿಂದ ಅವರ ಕಿವಿಗೆ ಬಿದ್ದರೂ ಅದನ್ನು ಮಗಳು ಇನ್ನೊಮ್ಮೆ ಹೇಳಬೇಕು. ಅವತ್ತೂ ಹಾಗೆಯೇ. ನಾನು ಪಡಸಾಲೆಯಲ್ಲಿ ತಾಟಿನ ಮುಂದೆ, ಹೆಂಡತಿ ಬಡಿಸುತ್ತ ನಡುವೆ, ಅತ್ತೆ ಅಡುಗೆಮನೆಯ ಬಾಗಿಲ ಆಚೆ.

"ಕೇಳಬೇ ಅವರನ್ನ," ಅತ್ತೆಯ ದನಿ ಬಂತು. "ಬೀಗತೇರೂ ಹಂಗ ಮಾಡಿದ್ದರಂತೇನು? ರೊಟ್ಟಿ ತಿರುವಿ ಹಾಕಿ ಆಮ್ಯಾಲ ಅತ್ತರಂತೇನು?"

ಬೀಗತಿ ಅಂದರೆ ನನ್ನ ತಾಯಿ. ಹೆಂಡತಿ ನನ್ನ ತಾಟು ನೋಡುತ್ತ ಪ್ರಶ್ನೆಯನ್ನು ದಾಟಿಸಿದಳು. ನಾನು ಹೂಂ ಅಂದೆ. ಅವಳು ಹೌದಂತ ಯವ್ವಾ ಎಂದು ಒಳಗೆ ದಾಟಿಸಿದಳು.

"ಊರಾಗ ಹೆಂಗಸರು ನನಗ ಅಂದಾರಬೇ, ಮಗಾ ಸತ್ತರೂ ಈಕಿಗಿ ರೊಟ್ಟಿ ಚಿಂತಿ ಬಿಡಲಿಲ್ಲಂತ. ನಾ ಒಬ್ಬಾಕಿನೇ ಇಂಥಾಕಿ ಅಂತ ತಿಳಕೊಂಡಿದ್ದೆ ಇಷ್ಟ ದಿವಸ. ಬೀಗತೇರಂಥ ಶಾಣ್ಯಾಕೀನೂ ಹಂಗ ಮಾಡ್ಯಾರಂದರ, ನನ್ನದೇನು ತಪ್ಪಿಲ್ಲ ಬಿಡು."

ಅವರ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ತನ್ನಂಥ ಇನ್ನೊಬ್ಬಳಿದ್ದಳೆಂದು ಆ ಮುದುಕಿಗೆ ಎದೆ ಹಗುರಾಗಿತ್ತು. ಮಗನನ್ನು ಕಳೆದುಕೊಂಡದ್ದು ಒಂದು, ಅದರ ಮೇಲೆ ಇಪ್ಪತ್ತು ವರ್ಷ ಆ ಮಾತು ಹೊತ್ತುಕೊಂಡು ತಿರುಗಿದ್ದರು. ಆಮೇಲೆ ಕೇಳಿದರು:

"ಅವರ ಮನ್ಯಾಗ ಯಾರು ತೀರಿಕೊಂಡಿದ್ದರಂತ ಕೇಳಬೇ. ನಮಗ ಗೊತ್ತೇ ಆಗಲಿಲ್ಲಲ್ಲ."

ಹೆಂಡತಿ ಪಲ್ಯದ ಬಟ್ಟಲು ಹಿಡಿದು ನಿಂತಿದ್ದಳು. ಈಗ ಅವಳು ನನ್ನ ಮುಖವನ್ನೇ ನೋಡಿದಳು.

"ಯಾರು ತೀರಿಕೊಂಡಿದ್ದರಂತ ಕೇಳಾಕತ್ತಾಳ್ರಿ ಅವ್ವ."

ಆಗ ನಿಜ ಹೇಳಬಹುದಾಗಿತ್ತು. ಇದು ನಿಮ್ಮದೇ ಕತೆ, ನಿಮ್ಮ ಮಗಳು ಬರೆದದ್ದು, ನಿಮ್ಮಿಂದಲೇ ಇಷ್ಟು ಜನ ಕಣ್ಣೀರು ಹಾಕಿದರು ಎಂದು. ಅದು ಅತ್ತೆಗೂ ಸಮಾಧಾನವೇ ಆಗುತ್ತಿತ್ತೋ ಏನೋ, ಹೆಂಡತಿಗಂತೂ ಆಗುತ್ತಿತ್ತು. ಈಗ ಇಷ್ಟು ಚೆನ್ನಾಗಿ ಗೊತ್ತಾಗುತ್ತದೆ. ಅವತ್ತು ಗೊತ್ತಾದದ್ದು ಒಂದೇ: ಊರ ಮುಂದೆ ಮೀಸೆ ಮಣ್ಣಾಗುತ್ತದೆ ಎಂದು. ಆರು ತಿಂಗಳಿಂದ ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ ಕೊಟ್ಟು ಪಳಗಿದ ನಾಲಿಗೆ ಇದಕ್ಕೂ ಉತ್ತರ ಕೊಟ್ಟಿತು.

"ನನಗೊಬ್ಬ ತಮ್ಮ ಇದ್ದ. ನಾ ಸಣ್ಣಾಂವ ಇದ್ದಾಗ ಹೋದ."

ನನಗೆ ತಮ್ಮನಿಲ್ಲ. ಒಡಹುಟ್ಟಿದವರೇ ಇಲ್ಲ. ಅದು ನನ್ನ ಹೆಂಡತಿಗೆ ಗೊತ್ತು. ಅವಳು ಬಟ್ಟಲು ಕೆಳಗಿಟ್ಟಳು. ಆಮೇಲೆ ಬಾಗಿಲ ಕಡೆ ತಿರುಗಿ, ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ದಾಟಿಸಿದಳು.

"ಅವರಿಗೊಬ್ಬ ತಮ್ಮ ಇದ್ದನಂತ ಯವ್ವಾ. ಅವರು ಸಣ್ಣವರಿದ್ದಾಗ ಹೋದನಂತ."

ಒಳಗಿನಿಂದ ಲೊಚಗುಟ್ಟುವ ಸದ್ದು ಬಂತು. ಹುಟ್ಟಿಯೇ ಇರದ ನನ್ನ ತಮ್ಮನಿಗಾಗಿ ನನ್ನ ಅತ್ತೆ ಅತ್ತರು.

ಮಾನೋಮಿ ಅಮಾಸಿಗೆ ಹೆಂಡತಿ ಒಬ್ಬಳೇ ತವರಿಗೆ ಹೋಗಿ ಬಂದಳು. ನನಗೆ ಬೀದರಿನಲ್ಲಿ ಗೋಷ್ಠಿ ಇತ್ತು, ಇರದಿದ್ದರೂ ಹೋಗುತ್ತಿರಲಿಲ್ಲ. ಆ ದಿನ ಮನೆಯಲ್ಲಿ ತೀರಿಕೊಂಡವರ ಹೆಸರಿನಲ್ಲಿ ಎಡೆ ಇಡುತ್ತಾರೆ. ಬಂದವಳು ಚೀಲ ಕೆಳಗಿಟ್ಟು ಕೈಕಾಲು ತೊಳೆದುಕೊಂಡು ಹೇಳಿದಳು.

"ಅವ್ವ ಈ ಸಲ ಎರಡ ಎಡಿ ಇಟ್ಟಿದ್ದಳು. ತಮ್ಮಂದೊಂದು, ನಿಮ್ಮ ತಮ್ಮಂದೊಂದು. ಅವನ ಹೆಸರೇನು ಅಂತ ಕೇಳಿದಳು."

"ಏನಂದಿ?"

"ಹೆಸರು ಇಟ್ಟಿರಲಿಲ್ಲಂತ ಅಂದೆ."

ಅವಳು ನನಗಾಗಿ ಒಂದು ಸುಳ್ಳು ಸೇರಿಸಿದ್ದಳು. ಸೇರಿಸದೆ ಬೇರೆ ದಾರಿ ಇರಲಿಲ್ಲ. ನಿಜ ಹೇಳಿದರೆ ತಾಯಿಯ ಎದೆಯ ಮೇಲಿನ ಕಲ್ಲು ಮತ್ತೆ ಬಂದು ಕೂರುತ್ತದೆ, ಅಳಿಯ ಕಳ್ಳನೆಂದೂ ಆಗುತ್ತದೆ. ಪ್ರತಿ ವರ್ಷ ಆ ಎಡೆ ಇಡುವುದನ್ನು ನೋಡಿಕೊಂಡು ಸುಮ್ಮನಿರುವ ಶಿಕ್ಷೆಯನ್ನು ನಾನು ಅವಳಿಗೆ ಹಾಕಿದ್ದೆ. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಬಂದದ್ದು ಮಾತ್ರ, ಬೀದರಿನ ಸಭೆಗೆ ಬಹಳ ಜನ ಸೇರಿದ್ದರು ಎಂಬ ಮಾತು.

ಈ ಗದ್ದಲದ ನಡುವೆಯೇ ನಾನು ಎಂಟನೆಯ ಕಾದಂಬರಿ ಬರೆದಿದ್ದೆ. ಬಸ್ಸಿನಲ್ಲಿ, ಲಾಡ್ಜಿನಲ್ಲಿ, ಮುಖ್ಯ ಅತಿಥಿ ಬರುವುದು ತಡವಾದಾಗ ಹಿಂದಿನ ಕೋಣೆಯಲ್ಲಿ ಕೂತು. ಇಷ್ಟು ಬೇಗ ನಾನು ಯಾವುದನ್ನೂ ಬರೆದವನಲ್ಲ. ಯುಗಾದಿಗೆ ಪುಸ್ತಕ ಬೇಕೆಂದು ಪ್ರಕಾಶಕರು ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದರು. ದೀಪಾವಳಿ ಕಳೆದ ಮೇಲೆ ಕಟ್ಟು ತಂದು ಅವಳ ಮುಂದಿಟ್ಟೆ. ಬೇಡ ಅಂದಾಳೆಂದು ಹೆದರಿದ್ದೆ. ಇಡ್ರಿ ಅಲ್ಲೇ, ಅಂದಳು.

ಭಾನುವಾರ ಮಧ್ಯಾಹ್ನ ಎಂದಿನಂತೆ ಕಂಬಕ್ಕೆ ಒರಗಿ ಹಲಗೆ ಇಟ್ಟುಕೊಂಡು ಬರೆದಳು. ಒಮ್ಮೆಯೂ ಪೆನ್ನು ನಿಲ್ಲಿಸಲಿಲ್ಲ, ಹುಬ್ಬು ಗಂಟಿಕ್ಕಲಿಲ್ಲ. ಮಾತಿಗೆ ಮಾತು, ಚಹಾಕ್ಕೆ ಚಹಾ, ಎಲ್ಲ ಹಿಂದಿನಂತೆಯೇ ಇತ್ತು. ನಾನೆಂಥ ಮೂರ್ಖನೆಂದರೆ ಎರಡು ಅರ್ಥ ಮಾಡಿಕೊಂಡೆ: ಒಂದು, ಅವಳ ಸಿಟ್ಟು ಇಳಿದಿದೆ, ಎರಡು, ಈ ಸಲ ತಿದ್ದುವಂಥದ್ದೇ ಇಲ್ಲದ ಹಾಗೆ ನಾನು ಬರೆದಿದ್ದೇನೆ. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ಖುಷಿ ಕೊಟ್ಟಿತ್ತು.

ಸಂಕ್ರಾಂತಿ ಮುಗಿದ ವಾರ ಐದು ನೋಟುಬುಕ್ಕು ನನ್ನ ಮೇಜಿನ ಮೇಲೆ ಬಂದವು. ಮುತ್ತು ಪೋಣಿಸಿದಂಥ ಅಕ್ಷರ. ಓದಲು ಕೂತೆ. ಮೂವತ್ತು ಪುಟ ದಾಟಿದವನು ಮತ್ತೆ ಮೊದಲ ಪುಟಕ್ಕೆ ಬಂದೆ. ಹೆರಿಗೆ ನೋವು ತಿನ್ನುತ್ತಿರುವ ಹೆಂಗಸು ಅದರಲ್ಲಿ ಸಮಾಜದ ಬಗ್ಗೆ ಅರ್ಧ ಪುಟ ಮಾತಾಡುತ್ತಾಳೆ. ಬಾಣಂತಿ ಮೂರನೆಯ ದಿನ ಕೊಡ ಹೊತ್ತು ನೀರಿಗೆ ಹೋಗುತ್ತಾಳೆ. ವಾರಗಿತ್ತಿಯರಿಬ್ಬರು ಜಗಳಾಡಿದರೆ ವಕೀಲರು ವಾದ ಮಾಡಿದಂತಿದೆ. ಸೊಸೆ ಹಂಚಿಗೆ ಎಣ್ಣೆ ಸವರಿ ಜೋಳದ ರೊಟ್ಟಿ ಬೇಯಿಸುತ್ತಾಳೆ. ನಮ್ಮ ಕಡೆ ಹುಟ್ಟಿದ ಯಾವ ಹೆಂಗಸೂ ಹಾಗೆ ಮಾಡುವುದಿಲ್ಲ, ದಿನಾ ತಿನ್ನುವ ನನಗೆ ಅಷ್ಟೂ ಗೊತ್ತಿರಲಿಲ್ಲ. ಸತ್ತ ಗಂಡನ ಮುಂದೆ ಕೂತ ಹೆಂಡತಿ ಮುಗಿಲಿಗೆ ಕೈಯೆತ್ತಿ ದೇವರನ್ನು ಪ್ರಶ್ನಿಸುತ್ತಾಳೆ, ಪೂರಾ ಎರಡು ಪುಟ. ಒಂದು ಅಲ್ಪವಿರಾಮವೂ ಕದಲಿರಲಿಲ್ಲ. ಕಾದಂಬರಿಕಾರನೆಂದು ಹೆಸರು ಮಾಡಿದವನು ನಾನೊಬ್ಬನೇ ಬರೆದದ್ದನ್ನು ಅಂದು ಮೊದಲ ಸಲ ಓದಿದೆ.

ನೋಟುಬುಕ್ಕು ಹಿಡಿದು ಅವಳ ಹತ್ತಿರ ಹೋದೆ. ಹಿತ್ತಿಲ ಬಾಗಿಲಲ್ಲಿ ಕೂತು ಮೆಂತ್ಯೆಪಲ್ಲೆ ಸೋಸುತ್ತಿದ್ದಳು.

"ಇದರಾಗ ಏನೂ ತಿದ್ದಿಲ್ಲಲ್ಲ ನೀ."

"ನೀವು ಬರದದ್ದನ್ನ ಬರದೇನ್ರಿ. ಒಂದ ಅಕ್ಷರಾನೂ ಬಿಟ್ಟಿಲ್ಲ, ಹೊಂದಿಸಿ ನೋಡ್ರಿ ಬೇಕಾದರ."

"ಈಕಿ ಜೋಳದ ರೊಟ್ಟಿಗೆ ಎಣ್ಣಿ ಹಾಕ್ಯಾಳ ಇಲ್ಲೆ."

"ಓದೇನಿ. ನಿಮ್ಮವ್ವ ಹಂಗ ಮಾಡ್ತಿದ್ದರೇನೋ ಅಂತ ಬಿಟ್ಟೆ."

ಸಿಟ್ಟಿನಿಂದ ಹೇಳಲಿಲ್ಲ. ಬೇರು ಕಿತ್ತು ಒಂದು ಕಡೆ, ಎಲೆ ಒಂದು ಕಡೆ ಹಾಕುತ್ತ ಹೇಳಿದಳು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಮದುವೆಯಾಗಿ ಮೂವತ್ತೆರಡು ವರ್ಷದಲ್ಲಿ ಮನಸ್ಸಿಟ್ಟು ಕೇಳದೆ ಇದ್ದದ್ದನ್ನು ಅಂದು ಕೇಳಿದೆ. ಗಂಡ ಸತ್ತ ಆ ಹೆಂಗಸಿನ ಪುಟ ತೆರೆದು ಅವಳ ಮುಂದೆ ಹಿಡಿದೆ.

"ಈಕಿ ಖರೇ ಏನ ಮಾಡ್ತಾಳ ಹೇಳ."

ಅವಳು ಆ ಪುಟ ನೋಡಿದಳು. ಆಮೇಲೆ ನನ್ನನ್ನು ನೋಡಿದಳು, ತುಸು ಹೊತ್ತು, ಏನೋ ಹೇಳುವವಳ ಹಾಗೆಯೇ. ಅವಳಿಗೆ ಗೊತ್ತಿತ್ತು. ಆ ಹೆಂಗಸು ಏನು ಮಾಡುತ್ತಾಳೆ, ಏನು ಅನ್ನುತ್ತಾಳೆ, ಯಾವ ಕೈಯಿಂದ ಏನು ಮುಟ್ಟುತ್ತಾಳೆ, ಎಲ್ಲ ಗೊತ್ತಿತ್ತು; ಅವಳ ಕಣ್ಣಿನಲ್ಲೇ ಅದು ಬಂದು ಹೋದದ್ದನ್ನು ನಾನು ಕಂಡೆ.

"ನನಗ ಗೊತ್ತಿಲ್ರಿ," ಅಂದಳು, ಸೋಸಿದ ಪಲ್ಲೆ ಎತ್ತಿಕೊಂಡು ಒಳಗೆ ಹೋದಳು.